ಎಳ್ಳಮಾಸಿಗೆ ಗೊತ್ತು ಮಾಡಿದ ಬೋಟು

ರಾಯಚೂರು
೬ ಅಕ್ಟೋಬರ್ ೨೦೨೫

ಪಂಪಾಪತಿಯವರಿಗೆ,

ನಿನ್ನೆ ಮಧ್ಯಾಹ್ನ ಕಾರವಾರದಿಂದ ಬೋಟಿನ ವಿನೋದ ಫೋನು ಮಾಡಿದ್ದರು. ಎರಡು ವರ್ಷದಿಂದ ನಾನು ಮಾತಾಡಿ, ಕಾಡಿ, ಮುಳುಗಿದ ಹಡಗಿನ ಜಾಗಕ್ಕೆ ಗಾಳ ಹಾಕಲು ಕರೆದೊಯ್ಯುವಂತೆ ಒಪ್ಪಿಸಿದ ಅದೇ ವಿನೋದ. "ಮೇಡಂ, ಡಿಸೆಂಬರ್ ಹತ್ತೊಂಬತ್ತಕ್ಕೆ ಐದು ಜನ ಅಂತ ಹೇಳಿದಾರೆ. ನೀವು ಬರುದಿಲ್ವಂತೆ ಹೌದಾ? ಮನೇಲಿ ಹಬ್ಬ ಅಂದ್ರು" ಎಂದರು. ನಾನು "ಹೌದು, ಹಬ್ಬ" ಎಂದೆ. ಹೊರಗಿನವರೆದುರು ನಿಮ್ಮ ಮರ್ಯಾದೆಯನ್ನು ನಾನು ಉಳಿಸಿದ್ದು ಅದೇ ಕೊನೆಯ ಸಲ.

ಫೋನಿಟ್ಟು ಕ್ಯಾಲೆಂಡರ್ ನೋಡಿದೆ. ಹತ್ತೊಂಬತ್ತು ಅಮಾವಾಸ್ಯೆ, ನಮ್ಮ ಎಳ್ಳಮಾಸಿ. ಕುರ್ಡಿಯ ನಮ್ಮ ಹೊಲದಲ್ಲಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನೀವೇ ಎಷ್ಟು ವರ್ಷ ತಿಂದಿಲ್ಲ? ಬದನೆಕಾಯಿ ಇನ್ನೊಂದು ಹಾಕ್ರಿ ಅಕ್ಕಾರ ಎಂದು ತಟ್ಟೆ ಮುಂದೆ ಚಾಚಿಲ್ಲ? ಆ ದಿನ ಆ ಮನೆಯ ಸೊಸೆ ಹೊಲ ಬಿಟ್ಟು ಎಲ್ಲಿಗೂ ಹೋಗಲಾರಳೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನ ಹಿಡಿದಿರಿ.

ನಾವು ನಾಲ್ವರು. ದೇವದುರ್ಗದಿಂದ ನೀವು, ಮಾನ್ವಿಯಿಂದ ಸಲಾವುದ್ದೀನ್, ಪೋತ್ನಾಳದಿಂದ ಅಂಬರೀಶ, ಇಲ್ಲಿಂದ ನಾನು. ಕೃಷ್ಣೆಯಲ್ಲಿ, ತುಂಗಭದ್ರೆಯಲ್ಲಿ ಇಪ್ಪತ್ತು ವರ್ಷ ಜೊತೆಗೆ ಗಾಳ ಹಾಕಿದವರು. ಸಮುದ್ರಕ್ಕೆ ಹೋಗೋಣ, ಅದೂ ಮುಳುಗಿದ ಹಡಗಿನ ಮೇಲೆ, ಚಳಿಗಾಲದ ತಿಳಿನೀರಿನಲ್ಲಿ, ಎಂದು ಮೊದಲು ಹೇಳಿದವಳು ನಾನು. ನೀವೆಲ್ಲ ನಕ್ಕಿರಿ. ಯಾವ ತಿಂಗಳು ಗಾಳಿ ಅಡಗಿರುತ್ತದೆ, ಯಾವ ದಾರ ತಡೆಯುತ್ತದೆ, ಹಡಗಿನ ಕಬ್ಬಿಣಕ್ಕೆ ಸಿಕ್ಕಿಕೊಂಡರೆ ಸೀಸದ ಗುಂಡು ಮಾತ್ರ ಹರಿದುಹೋಗುವಂತೆ ಅದನ್ನು ತೆಳು ದಾರಕ್ಕೆ ಹೇಗೆ ಕಟ್ಟಬೇಕು, ಎಲ್ಲ ಕೇಳಿ ತಿಳಿದು ನಿಮಗೆ ಹೇಳಿಕೊಟ್ಟವಳೂ ನಾನೇ. ಈಗ ನನ್ನ ಜಾಗಕ್ಕೆ ಅಂಬರೀಶನ ಹೆಂಡತಿಯ ತಮ್ಮ, ಅವನೊಬ್ಬ ಗೆಳೆಯ. ಆ ತಮ್ಮನಿಗೆ ಎರೆಹುಳ ಮುಟ್ಟಲು ಅಸಹ್ಯ. ನಾನೇ ಕಂಡಿದ್ದೇನೆ.

ನಮ್ಮ ವಾಟ್ಸಾಪ್ ಗುಂಪಿನಿಂದ ಹೊರಗೆ ಬಂದಿದ್ದೇನೆ, ನಿಮ್ಮ ಫೋನೂ ಎತ್ತುವುದಿಲ್ಲ. ಫೋನಿನಲ್ಲಿ ನೀವು ನಗುತ್ತೀರಿ, ನಗಿಸುತ್ತೀರಿ, ಕೊನೆಗೆ ನನಗೆ ಯಾಕೆ ಸಿಟ್ಟು ಬಂದಿತ್ತೆಂಬುದೇ ಮರೆತುಹೋಗುತ್ತದೆ. ಈ ಸಲ ಮರೆಯುವ ಮನಸ್ಸಿಲ್ಲ. ಉತ್ತರವನ್ನು ಬರೆದು ಕಳಿಸಿ. ನನ್ನನ್ನು ಯಾಕೆ ಬಿಟ್ಟಿರಿ?

ವಿಜಯಲಕ್ಷ್ಮಿ


ದೇವದುರ್ಗ
೧೪ ಅಕ್ಟೋಬರ್ ೨೦೨೫

ಅಕ್ಕಾರಿಗೆ ಪಂಪಾಪತಿ ಮಾಡುವ ನಮಸ್ಕಾರ.

ನಿಮ್ಮ ಪತ್ರ ಅಂಗಡಿಗೇ ಬಂತು. ಹತ್ತಿ ಹುಳಕ್ಕ ಹೊಡಿಯೂ ಎಣ್ಣಿ ಒಯ್ಯಾಕ ಬಂದ ಮಂದಿ ಮುಂದ ನಿಂತಿದ್ರು. ಅವರ ಎದುರಿಗೇ ಒಡದು ಓದಿದೆ. "ಯಾಕ್ರೀ ಸಾವಕಾರ್ರ, ಕೋರ್ಟಿನ ನೋಟೀಸೇನು?" ಅಂದ ಒಬ್ಬಾಂವ. "ಅದಾದ್ರ ವಕೀಲರಿಗೆ ಕೊಡಬಹುದಿತ್ತಪಾ" ಅಂದೆ.

ಅಕ್ಕಾರ, ನೀವು ತಪ್ಪು ತಿಳಕೊಂಡೀರಿ. ದಿನ ಹಿಡಿದದ್ದರಾಗ ಏನೂ ಮಸಲತ್ತಿಲ್ಲ. ಎಳ್ಳಮಾಸಿಗೆ ಅಂಬರೀಶನ ಮಿಲ್ ಬಂದ್ ಇರ್ತದ, ನನ್ನ ಅಂಗಡಿ ಬಂದ್ ಇರ್ತದ, ಸಲಾವುದ್ದೀನನ ಟೈರ್ ಅಂಗಡಿಗೆ ಅವತ್ತು ಒಂದು ಸೈಕಲ್ಲೂ ಬರಂಗಿಲ್ಲ. ಊರ ಊರೇ ಹೊಲದಾಗಿರ್ತದ. ನಮ್ಮಂಥ ದುಡಿಯೂ ಮಂದಿಗೆ ಅಮಾಸಿ ಬಿಟ್ರ ರಜಾ ಎಲ್ಲದರೀ?

ಇನ್ನೊಂದು ಮಾತು. ಒಂದು ರಾತ್ರಿ ನಡು ಸಮುದ್ರದಾಗ ಬೋಟಿನ್ಯಾಗ ಇರಬೇಕಾಗ್ತದ. ಬೋಟಿನ್ಯಾಗ ವ್ಯವಸ್ಥಾ ಇಲ್ಲರೀ. ನಾವು ಗಂಡಸರು ಹೆಂಗರ ಇರ್ತೀವಿ. ನಿಮಗ ತ್ರಾಸ ಆಗಬಾರದು, ಇಷ್ಟ ನಮ್ಮ ಮನಸ್ಸಿನಾಗ ಇದ್ದದ್ದು. ನಿಮ್ಮ ಮ್ಯಾಲಿನ ಗೌರವಕ್ಕ ಹಂಗ ಮಾಡಿದ್ದು ಅಂತ ತಿಳೀರಿ. ನಿಮ್ಮ ಯಜಮಾನರು ಮಾಳಿಂಗಪ್ಪಣ್ಣಗೂ ಇದು ಸರಿ ಅನಸ್ತದ, ಬೇಕಾದ್ರ ಕೇಳ್ರಿ.

ಬರೂ ಮುಂದ ಐಸಿನ್ಯಾಗ ಇಟ್ಟು ಒಂದು ದೊಡ್ಡ ಮೀನ ನಿಮಗಂತ ತರ್ತೀವಿ. ಸಿಟ್ಟು ಬಿಡ್ರಿ.

ನಿಮ್ಮ ತಮ್ಮನಂಥ
ಪಂಪಾಪತಿ


ರಾಯಚೂರು
೧೮ ಅಕ್ಟೋಬರ್ ೨೦೨೫

ಪಂಪಾಪತಿಯವರಿಗೆ,

ನಿಮ್ಮ ಮೀನು ನನಗೆ ಬೇಡ. ಮಾರುಕಟ್ಟೆಯಲ್ಲಿ ಸಿಗುತ್ತದೆ.

ನನ್ನ ಯಜಮಾನರನ್ನು ಕೇಳಿದೆ. ನಿಮ್ಮ ಪತ್ರವನ್ನು ಅವರು ಎರಡು ಸಲ ಓದಿ, ಕನ್ನಡಕ ತೆಗೆದು, "ಇದರಾಗ ನನ್ನ ಹೆಸರು ಯಾಕ ಬಂತು? ನನಗ ಈಜಾಕೂ ಬರಂಗಿಲ್ಲ" ಎಂದರು.

ಬೋಟಿನಲ್ಲಿ ವ್ಯವಸ್ಥೆ ಇಲ್ಲ ಎಂದು ಬರೆದಿದ್ದೀರಿ. ಯಾವ ವ್ಯವಸ್ಥೆ? ಮಲಗುವುದಕ್ಕೆ ಬಲೆಯ ರಾಶಿಯ ಮೇಲೆ ಚಾಪೆ ಸಾಕು ಎಂದು ವಿನೋದರಿಗೆ ಮೊದಲೇ ಹೇಳಿದ್ದೇನೆ. ಡಿಸೆಂಬರಿನ ರಾತ್ರಿ ನೀರಿನ ಮೇಲೆ ನಡುಕ ಬರುವಷ್ಟು ತಂಪಿರುತ್ತದೆಂದು ಕಂಬಳಿ ತರಲು ನಿಮಗೆ ಹೇಳಿದವಳು ನಾನು. ಅಡಿಗೆಗೆ ಒಲೆ ಇದೆ. ತೇಲುವ ಜಾಕೀಟುಗಳು ಎಲ್ಲರಿಗೂ ಇವೆಯೆ ಎಂದು ಕೇಳಿ, ಹರಿದದ್ದನ್ನು ಬದಲಿಸಲು ಹೇಳಿದ್ದೇನೆ. ವಾಂತಿಗೆ ಮಾತ್ರೆ, ಒಣಶುಂಠಿ. ಇವುಗಳಲ್ಲಿ ಯಾವುದು ನಿಮಗಿದ್ದು ನನಗಿಲ್ಲದ್ದು? ಗೌರವ ಎಂದು ಬರೆದಿದ್ದೀರಿ. ಆ ಗೌರವದಿಂದ ನನಗೆ ಬೋಟಿನಲ್ಲಿ ಒಂದು ಜಾಗ ಸಿಗುವುದಾದರೆ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ನೀವೇ ಇಟ್ಟುಕೊಳ್ಳಿ.

ಈಗ ಸಿಟ್ಟು ಬದಿಗಿಟ್ಟು ಒಂದು ಮಾತು. ನಾನು ಬರಲಿ ಬಿಡಲಿ, ಹತ್ತೊಂಬತ್ತಕ್ಕೆ ಹೋಗಬೇಡಿ. ಅಮಾವಾಸ್ಯೆಗೂ ಹುಣ್ಣಿಮೆಗೂ ಸಮುದ್ರ ಹೆಚ್ಚು ಉಬ್ಬಿ ಹೆಚ್ಚು ಇಳಿಯುತ್ತದೆ. ಅಷ್ಟು ನೀರು ಹೋಗಿ ಬರಬೇಕಾದರೆ ಒಳಗೆ ಸೆಳೆತವೂ ಅಷ್ಟೇ ಜೋರು. ಹಡಗು ಬಿದ್ದಿರುವ ಜಾಗ ಅಷ್ಟು ಆಳದಲ್ಲಿ ಒಂದು ಚುಕ್ಕೆ. ದಾರ ನೇರ ಇಳಿದರೆ ಅದರ ಪಕ್ಕಕ್ಕೆ ಬೀಳುತ್ತದೆ. ಸೆಳೆತವಿದ್ದರೆ ಓರೆಯಾಗಿ ಹೋಗಿ ಕಬ್ಬಿಣಕ್ಕೆ ಸುತ್ತಿಕೊಳ್ಳುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಮಾತ್ರ ನೀರು ಮಂದ. ಡಿಸೆಂಬರ್ ಇಪ್ಪತ್ತೇಳು ಎಂದು ನಾನು ಮೊದಲಿಂದ ಹೇಳುತ್ತಿದ್ದದ್ದು ಅದಕ್ಕೇ. ನಮ್ಮ ಕಡೆ ಅಮಾವಾಸ್ಯೆ ಎಂದರೆ ಎಲ್ಲ ಕೆಲಸಕ್ಕೂ ರಜೆ. ಸಮುದ್ರಕ್ಕೆ ಅಂದು ಇಮ್ಮಡಿ ದುಡಿಮೆ.

ಯಾವ ವ್ಯವಸ್ಥೆ ಎಂಬುದನ್ನು ಬಿಡಿಸಿ ಬರೆಯಿರಿ.

ವಿಜಯಲಕ್ಷ್ಮಿ


ದೇವದುರ್ಗ
೩ ನವೆಂಬರ್ ೨೦೨೫

ಅಕ್ಕಾರಿಗೆ ನಮಸ್ಕಾರ.

ದೀಪಾವಳಿ ಗದ್ದಲದಾಗ ಬರಿಯಾಕ ಆಗಲಿಲ್ಲ, ತಪ್ಪು ತಿಳೀಬ್ಯಾಡ್ರಿ.

ಅಮಾಸಿ ಮಾತು ಎಲ್ಲರಿಗೂ ಓದಿ ಹೇಳಿದೆ. ಪೋತ್ನಾಳದಾಗ ಅಂಬರೀಶನ ಮಿಲ್ಲಿನ ಮುಂದ ಚಾ ಕುಡಕೋತ ಕುಂತಿದ್ವಿ. ಅಂಬರೀಶ ಅಂದ, "ಅಕ್ಕಾರು ತಮಗ ಬರಾಕ ಆಗವಲ್ದು ಅಂತ ದಿನಾನ ಕೆಟ್ಟದ್ದು ಅಂತಾರ ನೋಡ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳಲಿ. ಅವನ ಹೆಂಡ್ತಿ ತಮ್ಮ ಅಂದ, ನೀರಂದ್ರ ನೀರ ಅಲ್ಲೇನ್ರೀ, ಪಂಚಾಂಗ ನೋಡಿ ಹರೀತದೇನು ಅಂತ. ಅವಂದು ಬಿಡ್ರಿ, ಹುಡುಗ. ಆದರ ಮಿಲ್ಲಿನ ರಜಾ, ಜೀಪಿನ ಮಾತು, ಎಲ್ಲ ಆಗಿ ಹೋಗ್ಯಾವ. ಈಗ ತಿರಗಸಾಕ ಬರಂಗಿಲ್ಲ. ಲಿಂಗಸೂಗೂರು, ಗದಗ, ಹುಬ್ಬಳ್ಳಿ, ಯಲ್ಲಾಪುರ, ಆಮ್ಯಾಗ ಘಟ್ಟ ಇಳಿದು ಕಾರವಾರ. ನೀವು ಬರಕೊಟ್ಟ ದಾರೀನ ಹಿಡದೀವಿ.

ವ್ಯವಸ್ಥಾ ಅಂದ್ರ ಹಾಸಿಗಿ ಅಲ್ಲರೀ. ಊಟಾನೂ ಅಲ್ಲ. ಆ ವ್ಯವಸ್ಥಾ. ನೀವು ಓದಿದವರು, ನಿಮಗ ತಿಳೀತದ. ಬಾಯಿ ಬಿಟ್ಟು ಹೇಳೂದಲ್ಲ, ಬರಿಯೂದಂತೂ ಅಲ್ಲ. ನನಗೂ ಮನ್ಯಾಗ ಅಕ್ಕ ತಂಗೇರು ಅದಾರ.

ಇದನ್ನ ಇಲ್ಲಿಗೆ ಬಿಡೂಣು.

ಪಂಪಾಪತಿ


ಮಾನ್ವಿ
೧೧ ನವೆಂಬರ್ ೨೦೨೫

ವಿಜಯಕ್ಕಾ,

ನಾನು ಉಮ್ಮೇ ಕುಲ್ಸುಮ್. ನಾ ಪತ್ರ ಬರದು ಯಾವ ಕಾಲಾತೋ, ಅಕ್ಷರ ನೋಡಿ ನಗಬ್ಯಾಡ. ಫೋನ್ ಮಾಡೋಣಂದ್ರ ನಮ್ಮವರು ಟೈರ್ ಅಂಗಡಿಯಿಂದ ಬಂದು ಮಗ್ಗಲದಾಗ ಕುಂತು ಎಲ್ಲಾ ಕೇಳಸ್ಕೋತಾರ.

ನೀನು ಕೇಳಿದ್ದಿ ಅಲ್ಲ, ಏನದು ವ್ಯವಸ್ಥಾ ಅಂತ? ನಾನು ಅವರನ್ನ ಹಿಡಕೊಂಡು ಕೇಳಿದೆ. "ಛೋಡೋ ಜೀ, ಔರತಾಂಕಿ ಬಾತ್ ಹೈ" ಅಂದ್ರು, ಹೆಂಗಸರ ಮಾತಂತ. ನಾನೂ ಔರತನೇ ಅದೀನಲ್ರೀ, ನನಗರ ಹೇಳ್ರಿ ಅಂದೆ. ಬಾಗಲಾ ಹಾಕಿ ಬಂದ್ರು. ಮನ್ಯಾಗ ಬೆಕ್ಕ ಬಿಟ್ಟು ಯಾರೂ ಇದ್ದಿಲ್ಲ, ಆದ್ರೂ ಕಿವ್ಯಾಗ ಹೇಳಿದ್ರು. ಒಂದಕ್ಕ ಬಂದ್ರ ಅಕ್ಕಾ ಎಲ್ಲಿ ಹೋಗಬೇಕು? ಇದು ಅವರ ವ್ಯವಸ್ಥಾ. ಸಮುದ್ರದಾಗ ಗಿಡಾ ಇಲ್ಲ, ಕಂಟಿ ಇಲ್ಲ, ಬೋಟಿನ್ಯಾಗ ಪಾಯಖಾನಿ ಇಲ್ಲ. ತಾವಾದ್ರ ಅಂಚಿಗೆ ನಿಂತು ಮುಗಸ್ತಾರ.

ಈ ಮಾತು ಅಕ್ಕಾಗ ಯಾರು ಹೇಳಬೇಕು ಅಂತ ಮೂರೂ ಮಂದಿ ಪೋತ್ನಾಳದ ಹೋಟೆಲಿನ್ಯಾಗ ಕುಂತು ಮುಂಜಾನಿಂದ ಮಧ್ಯಾಹ್ನದ ತನಕ ವಿಚಾರ ಮಾಡ್ಯಾರ. ನೀ ಹೇಳು, ನೀ ಹೇಳು ಅಂತ. ಪಂಪಾಪತಿ, ನನ್ನ ಕೈಲೆ ಆಗಂಗಿಲ್ಲ ಅಂದಾನ. ನಮ್ಮವರು ನಮಾಜಿಗೆ ಹೊತ್ತಾತು ಅಂತ ಎದ್ದಾರ. ಕಡೀಕ ಅಂಬರೀಶ ಅಂದಾನ, ಹೇಳೂದ್ಯಾಕ, ಎಳ್ಳಮಾಸಿಗೆ ಇಟ್ಟುಬಿಡೂಣು, ಅಕ್ಕಾರು ತಾವೇ ಬರಂಗಿಲ್ಲ. ಎಲ್ಲರಿಗೂ ಹಗೂರಾತಂತ.

ನನಗ ಮೊದ್ಲು ನಗು ಬಂತು. ರೊಟ್ಟಿ ಬಡಿಯೂದು ಬಿಟ್ಟು ನಕ್ಕೆ. ಆಮ್ಯಾಗ ಸಿಟ್ಟು ಬಂತಕ್ಕಾ. ಈ ಮನಷಾನ ಜೊತಿ ಲಾರಿನ್ಯಾಗ ಹೈದರಾಬಾದಿಗೆ ಎಷ್ಟು ಸಲ ಹೋಗೀನಿ, ದಾರಿ ತುಂಬ ನೀರು ಕುಡೀದ ಕುಂತೀನಿ. ಒಂದು ದಿನ ಯಾಕಂತ ಕೇಳಿಲ್ಲ.

ನಾ ಹೇಳಿದೆ ಅಂತ ಹೇಳಬ್ಯಾಡ. ಹೇಳಿದ್ರೂ ಹೇಳು, ಈಗ ಏನಾತು.

ನಿನ್ನ
ಕುಲ್ಸುಮ್


ರಾಯಚೂರು
೧೪ ನವೆಂಬರ್ ೨೦೨೫

ಪಂಪಾಪತಿ,

ನೀವು ಬರೆಯಲಾರದ ಮಾತನ್ನು ನಾನು ಬರೆಯುತ್ತೇನೆ. ಉಚ್ಚೆ. ಓದಿದಿರಲ್ಲ, ಏನೂ ಆಗಲಿಲ್ಲ. ಅಂಗಡಿಯಲ್ಲಿ ಮಂದಿ ನಿಂತಿದ್ದರೆ ಜೋರಾಗಿ ಓದಿ ಹೇಳಿ.

ಇಪ್ಪತ್ತು ವರ್ಷ ನಸುಕಿನಿಂದ ಹೊತ್ತು ಮುಳುಗುವವರೆಗೆ ಕೃಷ್ಣೆಯ ತಿಂಥಣಿ ಸೇತುವೆಯ ಕೆಳಗೆ ನಿಮ್ಮ ಪಕ್ಕದಲ್ಲಿ ಕೂತಿದ್ದೇನೆ. ನೀವು ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ ನಿಂತು, ಸಿನಿಮಾ ಹಾಡು ಗುನುಗುತ್ತಾ ಮುಗಿಸಿ ಬರುತ್ತಿದ್ದಿರಿ. ನಾನು ಎಲ್ಲಿಗೆ ಹೋಗುತ್ತಿದ್ದೆ ಎಂದುಕೊಂಡಿರಿ? ಮೊಸಳೆ ಬಿಸಿಲು ಕಾಯಿಸಲು ಬರುವ ದಂಡೆಯಲ್ಲಿ, ಜಾಲಿ ಕಂಟಿಯ ಹಿಂದೆ, ಒಂದು ಕಣ್ಣು ಮೊಸಳೆಯ ಮೇಲೂ ಒಂದು ಕಣ್ಣು ಸೇತುವೆಯ ಮೇಲಿನ ಮಂದಿಯ ಮೇಲೂ ಇಟ್ಟು ಹೋಗಿ ಬಂದವಳು ನಾನು. ನಿಮ್ಮಲ್ಲಿ ಯಾರೂ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಅದನ್ನು ನಾನು ನಿಮ್ಮ ಸಭ್ಯತೆ ಎಂದೇ ನಂಬಿದ್ದೆ. ನನಗೂ ಒಂದು ದೇಹವಿದೆ ಎಂಬುದು ನಿಮಗೆ ಹೊಳೆದದ್ದೇ ಈ ವರ್ಷ, ಅದೂ ಬೋಟಿನಲ್ಲಿ ಜಾಗ ಹಂಚುವಾಗ.

ಆ ವ್ಯವಸ್ಥೆ ಮಾರ್ಚಿನಲ್ಲೇ ಆಗಿದೆ. "ಬೋಟಿನ ಹಿಂದಿನ ಮೂಲೆಗೆ ಮರೆಯಾಗಿ ಒಂದು ತಾಡಪತ್ರಿ ಕಟ್ಟಿಸಿ, ಒಳಗೆ ಒಂದು ಬಕೀಟು ಇಡಿ" ಎಂದೆ. ವಿನೋದ "ಆಯ್ತು ಮೇಡಂ" ಎಂದರು. ಮುಗಿಯಿತು. ಅಪರಿಚಿತ ಗಂಡಸಿನ ಜೊತೆ ನಾನು ಫೋನಿನಲ್ಲಿ ಒಂದೇ ಉಸಿರಿಗೆ ಮುಗಿಸಿದ ಮಾತಿಗೆ ಮೂವರು ಗೆಳೆಯರು ಹೋಟೆಲಿನಲ್ಲಿ ಅರ್ಧ ದಿನ ಕೂತಿರಿ, ಒಂದು ಹಬ್ಬವನ್ನು ಅಡ್ಡ ತಂದಿರಿ, ಸಮುದ್ರದ ಸೆಳೆತವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಯಾಕೆ ಅಷ್ಟು ದೂರ ಹೋಗಬೇಕೆಂದಿದ್ದೆ ಎಂದು ನೀವು ಕೇಳಲೇ ಇಲ್ಲ. ದೊಡ್ಡ ಮೀನಿನ ಆಸೆ ಎಂದುಕೊಂಡಿರಬೇಕು. ಹೊಳೆಯಲ್ಲಿ ಆಚೆ ದಂಡೆ ಯಾವಾಗಲೂ ಕಾಣುತ್ತದೆ ಪಂಪಾಪತಿ. ಆಚೆ ದಂಡೆಯಲ್ಲಿ ಯಾವಾಗಲೂ ಯಾರೋ ಒಬ್ಬರು ನಿಂತು ನೋಡುತ್ತಿರುತ್ತಾರೆ. ಸೇತುವೆಯ ಮೇಲೆ ಬೈಕು ನಿಲ್ಲಿಸಿ, "ಲೇ, ಹೆಣ್ಣಮಗಳು ಗಾಳ ಹಾಕ್ಯಾಳ ನೋಡಲೇ" ಎನ್ನುತ್ತಾರೆ. ಫೋಟೋ ತೆಗೆಯುತ್ತಾರೆ. ನಿಮ್ಮನ್ನು ಯಾರೂ ಹಾಗೆ ನಿಂತು ನೋಡಿಲ್ಲ. ನನಗೆ ಒಂದು ಹಗಲು, ಒಂದು ರಾತ್ರಿ, ಯಾವ ಕಡೆ ತಿರುಗಿದರೂ ದಂಡೆಯೇ ಇಲ್ಲದ ನೀರು ಬೇಕಿತ್ತು. ಕೆಳಗೆ, ಒಂದು ಕಾಲಕ್ಕೆ ಮನುಷ್ಯರು ಉಂಡು ಮಲಗಿದ್ದ ಕೋಣೆಗಳಲ್ಲಿ ಈಗ ಮೀನುಗಳು ತಿರುಗಾಡುತ್ತಿರುತ್ತವೆ. ಅಲ್ಲಿಗೆ ಒಂದು ದಾರ ಇಳಿಬಿಟ್ಟು ಸುಮ್ಮನೆ ಕೂರಬೇಕಿತ್ತು. ಹೊಳೆಯ ದಂಡೆಯಲ್ಲಿ ನಾನು ಕವಿತೆ ಓದಿದರೆ "ಅಕ್ಕಾರ ಜೋಗುಳ ಸುರುವಾತು" ಎಂದು ಟವೆಲ್ ಹೊದ್ದು ಮಲಗುತ್ತಿದ್ದವರು ನೀವು. ನಿಮ್ಮ ಗೊರಕೆಯ ಪಕ್ಕದಲ್ಲಿ ಕೂರಲು ನನಗೆ ಎಂದೂ ಅಂಜಿಕೆಯಾಗಿರಲಿಲ್ಲ. ಆದ್ದರಿಂದಲೇ ನಿಮ್ಮ ಜೊತೆ ಹೋಗಬೇಕೆಂದಿದ್ದೆ.

ಬೇಡ ಎನ್ನುವುದಿದ್ದರೆ ಬೇಡ ಎನ್ನಬೇಕಿತ್ತು. ಜಗಳವಾಡಿ ಗೆಲ್ಲುತ್ತಿದ್ದೆನೋ ಸೋಲುತ್ತಿದ್ದೆನೋ, ಅದು ನನ್ನ ಮುಖದೆದುರು ಆಗುತ್ತಿತ್ತು. ನೀವು ನನ್ನ ಮನೆಯ ಹಬ್ಬದಿಂದಲೇ ನನ್ನನ್ನು ಕಟ್ಟಿಹಾಕಿದಿರಿ.

ಮತ್ತೆ ಹೇಳುತ್ತೇನೆ, ಅಮಾವಾಸ್ಯೆಗೆ ಹೋಗಬೇಡಿ. ಇದು ನನ್ನ ಹೊಟ್ಟೆಕಿಚ್ಚಲ್ಲ. ಹೋಗಿಯೇ ತೀರುವುದಾದರೆ, ಲಂಗರು ಹಡಗಿಗೆ ಸಿಕ್ಕಿಕೊಂಡಾಗ ಹಗ್ಗ ಕಡಿಯಲು ಕೊಡಲಿಯನ್ನು ಕೈಗೆ ಸಿಗುವ ಕಡೆ ಇಡಿ. ಎಳೆದು ಬಿಡಿಸಲು ಹೋಗಬೇಡಿ.

ವಿಜಯಲಕ್ಷ್ಮಿ


ಕುರ್ಡಿ
೨೦ ಡಿಸೆಂಬರ್ ೨೦೨೫

ಪ್ರೀತಿಯ ಕುಲ್ಸುಮ್,

ಪಂಪಾಪತಿ ನನ್ನ ಕೊನೆಯ ಪತ್ರಕ್ಕೆ ಉತ್ತರ ಬರೆಯಲಿಲ್ಲ. ನಿನ್ನೆ ಅವರು ಸಮುದ್ರದಲ್ಲಿದ್ದರು, ನಾನು ಹೊಲದಲ್ಲಿದ್ದೆ.

ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಎಲ್ಲ ಕಟ್ಟಿಕೊಂಡು ಟ್ರ್ಯಾಕ್ಟರಿನಲ್ಲಿ ಹೋದೆವು. ಯಜಮಾನರು ಜೋಳದ ಸಾಲುಗಳ ಸುತ್ತ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು. ಊಟಕ್ಕೆ ಕೂತಾಗ ನನ್ನ ಮುಖ ನೋಡಿ, "ಅವರು ಈಗ ವಾಂತಿ ಮಾಡಾಕತ್ತಿರ್ತಾರ. ನೀ ಕಡಬ ತಿನ್ನು" ಎಂದರು. ನನಗೆ ನಗು ಬರಲಿಲ್ಲ. ಅತ್ತೆ, ಯಾರು ವಾಂತಿ ಮಾಡಾಕತ್ತಾರ ಎಂದು ಕೇಳಿದರು. ಅವರಿಗೆ ಈ ವಿಷಯವೇ ಗೊತ್ತಿರಲಿಲ್ಲ. ಎಲ್ಲ ಹೇಳಿದೆ.

ನಮ್ಮ ಅತ್ತೆ ಬಸವಂತಮ್ಮ, ಗೊತ್ತಲ್ಲ ನಿನಗೆ, ಎಂಬತ್ತು ದಾಟಿದರೂ ಯಾರ ಮಾತಿಗೂ ಸೊಪ್ಪು ಹಾಕದವರು. ರೊಟ್ಟಿ ಕೈಯಲ್ಲೇ ಹಿಡಿದು, "ಅದಕ್ಯಾಕ ಉಳಕೊಂಡಿ? ಹೋಗೂದಿತ್ತಂದ್ರ ಹೇಳಬೇಕಿಲ್ಲೇನವಾ? ನಿನ್ನ ಕೈಯಿಂದನ ಕಡಬ ಬೇಕಂತ ಭೂಮಿತಾಯಿ ಅಂದಾಳೇನು? ನಾ ಮಾಡತಿದ್ದೆ, ಇಲ್ಲಾ ಅವ ಮಾಡತಿದ್ದ" ಎಂದರು. ನನ್ನ ಗಂಡ "ನಾನಾ?" ಎಂದು ಗಾಬರಿಯಾದರು. "ಯಾಕ, ನಿನಗ ಕೈ ಇಲ್ಲೇನು?"

ಕುಲ್ಸುಮ್, ನನಗೆ ಆ ಜೋಳದ ನಡುವೆ ಭೂಮಿ ಬಾಯಿ ಬಿಟ್ಟಂತಾಯಿತು. ಆ ಮೂವರು ನನ್ನನ್ನು ಕೇಳಲಿಲ್ಲವೆಂದು ಎರಡೂವರೆ ತಿಂಗಳು ಉರಿದೆ. ನಾನು ಅತ್ತೆಯನ್ನು ಕೇಳಿದೆನೇ? ಎಳ್ಳಮಾಸಿ ಎಂದು ಕ್ಯಾಲೆಂಡರಿನಲ್ಲಿ ಕಂಡ ಕೂಡಲೇ, ಹೋಗಲಾರೆ ಎಂದು ನಾನೇ ತೀರ್ಮಾನ ಮಾಡಿದೆ. ಆ ಮೂವರು ಬೀಗ ಹಾಕಿಯೇ ಇರಲಿಲ್ಲ. ಚಿಲಕದ ಚಿತ್ರ ಬರೆದು ತೋರಿಸಿದ್ದರು, ನಾನು ಬಾಗಿಲು ತಳ್ಳಿ ನೋಡಲೂ ಇಲ್ಲ. ಇದರಿಂದ ಅವರ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ. ನನ್ನ ಪಾಲಿನದೂ ಅದಕ್ಕೆ ಸೇರಿಕೊಂಡಿತು.

ಮನೆಗೆ ಬಂದ ತಕ್ಷಣ ಬೋಟನ್ನು ನನ್ನ ಹೆಸರಿಗೆ ಹಿಡಿಯಿರಿ ಎಂದು ವಿನೋದರ ಫೋನಿಗೆ ಬರೆದು ಕಳಿಸಿದೆ; ದಂಡೆಗೆ ಬಂದ ಮೇಲೆ ಇವತ್ತು "ಆಯ್ತು ಮೇಡಂ" ಎಂದು ಬರೆದಿದ್ದಾರೆ. ಜನವರಿ ಇಪ್ಪತ್ತೈದು, ಇಪ್ಪತ್ತಾರು. ಅಷ್ಟಮಿಯ ನೀರು. ನೀನು ಬರುತ್ತೀಯಾ? ಗಾಳ ಹಿಡಿಯಲು ಬರುವುದಿಲ್ಲ ಎನ್ನಬೇಡ, ದಾರಿಯಲ್ಲಿ ಕಲಿಸುತ್ತೇನೆ. ಬರುವುದಿಲ್ಲ ಎಂದಾದರೆ ಹಾಗೇ ಹೇಳು. ಹಬ್ಬ, ಮದುವೆ ಎಂದು ಏನೂ ಹುಡುಕಬೇಡ.

ವಿಜಯಾ


ದೇವದುರ್ಗ
೨೭ ಡಿಸೆಂಬರ್ ೨೦೨೫

ಅಕ್ಕಾರಿಗೆ ಪಂಪಾಪತಿಯ ನಮಸ್ಕಾರ.

ಎಡಗೈಲೆ ಬರಿಯಾಕತ್ತೀನಿ, ಅಕ್ಷರ ಡೊಂಕ ಅದಾವ. ಬಲಗೈಯಿಗೆ ಪಟ್ಟಿ ಅದ. ಹಗ್ಗ ಕೊಯ್ದದ್ದು.

ಹೋಗಿ ಬಂದ್ವಿ. ಘಟ್ಟ ಇಳಿಯೂ ತನಕ ಎಲ್ಲರೂ ಹಾಡಿದ್ದ ಹಾಡಿದ್ದು. ಬೋಟ್ ಹತ್ತಿ ದಂಡಿ ಕಾಣೂದು ನಿಂತದ್ದ ತಡ, ಸಲಾವುದ್ದೀನ ಮಲಗಿದ. ಮತ್ತ ಏಳಲಿಲ್ಲ. ಅಂಬರೀಶನ ಹೆಂಡ್ತಿ ತಮ್ಮ ಅವ್ವನ್ನ ಕರದ. ಹಡಗಿನ ಜಾಗ ಮುಟ್ಟಿದ ಮ್ಯಾಲೆ ಗುಂಡು ಕಟ್ಟಿ ದಾರ ಬಿಟ್ಟರ ಕೆಳಗ ಹೋಗವಲ್ದು, ಅಡ್ಡ ಹೋಗ್ತದ. ಹೊಳಿ ಮಹಾಪೂರದಾಗ ಗಾಳ ಹಾಕಿದಂಗ. ಒಂದರ ಮ್ಯಾಲೊಂದು ದಾರ ಹರದ್ವು. ತಂದ ಸೀಸ ಎಲ್ಲಾ ಆ ಹಡಗಿಗೆ ಕೊಟ್ಟು ಬಂದೀವಿ.

ಆಮ್ಯಾಗ ಲಂಗರ ಸಿಕ್ಕೊಂತು. ಬೋಟಿನ ಮೂತಿ ನೀರಾಗ ಇಳಿಯಾಕತ್ತಿತು. ವಿನೋದ ಎಂಜಿನ್ ಕಡಿ ಇದ್ದ. ಎಳದು ಬಿಡಸ್ತೀನಿ ಅಂತ ನಾ ಹಗ್ಗಕ್ಕ ಕೈ ಹಾಕಿದೆ. ನೀವು ಬರದಿದ್ರಿ, ಗೊತ್ತದ. ಆ ಹೊತ್ತಿನ್ಯಾಗ ನೆನಪಾಗಲಿಲ್ಲ. ಅಂಬರೀಶ ಕೊಡಲಿ ತಂದು ಹಗ್ಗಕ್ಕ ಹೊಡದ. ಅವನು ಮುಂಜಾನೆ ನಕ್ಕೋತ ಆ ಕೊಡಲೀನ ನಿಮ್ಮ ಹೆಸರು ಹೇಳಿ ಅಲ್ಲಿ ಇಟ್ಟಿದ್ದ. ಇಲ್ಲಾಂದ್ರ ನಾ ಇವತ್ತು ಬರೀತಿದ್ದಿಲ್ಲ.

ದಂಡಿಗೆ ಬಂದ ಮ್ಯಾಲೆ ವಿನೋದಗ ಕೇಳಿದೆ, ಅಮಾಸಿ ನೀರು ಹಿಂಗಿರ್ತದಂತ ಮೊದಲ ಯಾಕ ಹೇಳಲಿಲ್ಲ ಅಂತ. "ಹೇಳಿದ್ನಲ್ಲ. ನಮಗೆ ಅವತ್ತೇ ರಜೆ ಅಂದ್ರಿ ನೀವು" ಅಂದ. ತಾಡಪತ್ರಿನೂ ತೋರಿಸಿದ. "ಮೇಡಂ ಹೇಳಿದ್ರು ಅಂತ ತಂದಿಟ್ಟಿದ್ದೆ, ನಿಮಗೆ ಬೇಕಾಗಲಿಲ್ಲ." ಬೇಕಾಗಿತ್ತು ಅಕ್ಕಾರ. ಆ ಅಲಿಯಾಗ ಅಂಚಿಗೆ ನಿಲ್ಲಾಕ ಯಾವ ಗಂಡಸಿಗೂ ಆಗಲಿಲ್ಲ. ಒಬ್ಬರ ಬೆಲ್ಟ್ ಒಬ್ಬರು ಹಿಡಕೊಂಡು ನಿಂತ್ವಿ.

ಜನವರ್ಯಾಗ ನೀವು ಬೋಟ್ ಹಿಡದೀರಂತ ಅವನೇ ಹೇಳಿದ. ಆದದ್ದಾತು ಬಿಡ್ರಿ. ಎಲ್ಲಾ ಮರತು ಮೊದಲಿನಂಗ ಕೂಡಿ ಹೋಗೂಣು. ಕೈ ಅಷ್ಟೊತ್ತಿಗೆ ಮಾಯ್ತದ. ನನಗೊಂದು ಜಾಗ ಇಡ್ರಿ.

ಪಂಪಾಪತಿ


ರಾಯಚೂರು
೫ ಜನವರಿ ೨೦೨೬

ಪಂಪಾಪತಿಯವರಿಗೆ,

ನಿಮ್ಮ ಕೈಯ ಸುದ್ದಿ ಓದಿ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ನಿಂತಿದ್ದೆ. ಬಿಸಿನೀರು ತಾಗಿಸಬೇಡಿ, ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಿ. ಅಂಗಡಿಯಲ್ಲಿ ಎಣ್ಣೆಯ ಡಬ್ಬಿಗಳನ್ನು ಆ ಕೈಯಿಂದ ಮುಟ್ಟಬೇಡಿ. ಅಂಬರೀಶನಿಗೆ ನನ್ನ ಪರವಾಗಿ ಹೇಳಿ, ಅವನು ನಗುತ್ತಾ ಇಟ್ಟ ಕೊಡಲಿಗೆ ನಾನು ಋಣಿ.

ಭಾನುವಾರ ಸಲಾವುದ್ದೀನ್ ಬಂದಿದ್ದರು, ಕುಲ್ಸುಮ್ ಜೊತೆಗೆ. ಕುರ್ಚಿಯ ತುದಿಯಲ್ಲಿ ಕೂತು, ಚಹಾ ಮುಟ್ಟದೆ, "ಅಕ್ಕಾ, ನಿಮಗ ಹೇಳಾಕ ನಾಚಿಕಿ ಬಂತು, ಅದಕ್ಕ ನಿಮಗ ಮೋಸ ಮಾಡಿದ್ವಿ. ಅದ್ರಾಗ ನಾನೂ ಒಬ್ಬ" ಎಂದರು. ಇಷ್ಟೇ. ನಾನು ಅವರನ್ನು ಬೋಟಿಗೆ ಕರೆದೆ. ಅವರು ಕೈ ಮುಗಿದು, ಇನ್ನು ಜನ್ಮದಲ್ಲಿ ಬಕೀಟಿನ ನೀರಿಗೂ ಗಾಳ ಹಾಕುವುದಿಲ್ಲ, ದಂಡೆಯಲ್ಲಿ ಅಡಿಗೆ ಮಾಡಿ ಕಾಯುತ್ತೇನೆ ಎಂದರು. ಬೋಟಿಗೆ ಕುಲ್ಸುಮ್ ಬರುತ್ತಾಳೆ. ಗಂಟು ಹಾಕುವುದು ಕಲಿತಿದ್ದಾಳೆ, ನಿಮಗಿಂತ ಬೇಗ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ದಾರ ಹರಿದದ್ದಿದೆ, ಹಗ್ಗ ಕೊಯ್ದದ್ದಿದೆ, ಬೆಲ್ಟು ಹಿಡಿದು ನಿಂತದ್ದೂ ಇದೆ. ನೀವು ನನಗೆ ಮಾಡಿದ್ದು ಎಲ್ಲಿಯೂ ಇಲ್ಲ. "ಆದದ್ದಾತು" ಎಂದು ಬರೆದಿದ್ದೀರಿ, ಮಳೆಯೋ ಗಾಳಿಯೋ ಬಂದು ಹೋದ ಹಾಗೆ. ಅದು ತಾನಾಗಿ ಆದದ್ದಲ್ಲ. ಮೂವರು ಕೂತು ಮಾಡಿದ್ದು. ಒಬ್ಬರು ಬಂದು ಹೇಳಿದರು. ನೀವು ಇನ್ನೂ ಹೇಳಿಲ್ಲ, ಜಾಗ ಮಾತ್ರ ಕೇಳಿದ್ದೀರಿ.

ಬೋಟಿನಲ್ಲಿ ಆರು ಜನಕ್ಕೆ ಜಾಗವಿದೆ. ತಾಡಪತ್ರಿ ಇದೆ, ಗಂಡಸರಿಗೂ ಸೇರಿ. ನೀರು ಮಂದವಿರುವ ದಿನ. ನಿಮ್ಮ ಅಂಗಡಿಗೂ ಅಂದು ರಜೆ ಇದೆ. ನಿಮ್ಮ ಮನೆಯಲ್ಲಿ ಯಾವ ಹಬ್ಬವೂ ಇಲ್ಲ, ನಾನು ನೋಡಿದ್ದೇನೆ. ಆದ್ದರಿಂದ ನಾನು ಯಾವುದರ ಹಿಂದೆಯೂ ಅಡಗದೆ ಹೇಳುತ್ತಿದ್ದೇನೆ. ಬೇಡ ಪಂಪಾಪತಿ. ಈ ಸಲ ನೀವು ಬರಬೇಡಿ. ನೀವು ಬಂದರೆ ಆ ಎರಡು ದಿನವೂ ನನ್ನ ಸಿಟ್ಟು ನಿಮಗೆ ಕಾಣದಂತೆ ನೋಡಿಕೊಳ್ಳುವ ಕೆಲಸ ನನಗೆ ಬರುತ್ತದೆ. ಆ ನೀರಿನ ಮೇಲೆ ನನಗೆ ಯಾವ ಕೆಲಸವೂ ಬೇಡ.

ಇದನ್ನು ಓದಿ ನಿಮಗೆ ನೋವಾಗುತ್ತದೆ. ಆಗಲಿ. ನಿಮ್ಮ ಮುಖ ನೋಡಿ ಹೇಳಬೇಕೆಂದು ದೇವದುರ್ಗದ ಬಸ್ಸು ಹತ್ತಲು ಹೊರಟಿದ್ದೆ. ನೀವು ನಗಿಸಿಬಿಡುತ್ತೀರೆಂದು ಹೆದರಿ ನಿಲ್ದಾಣದಿಂದ ವಾಪಸು ಬಂದು ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಹೊಳೆ ಇಳಿದಾಗ ತಿಂಥಣಿಗೆ ಬರುತ್ತೇನೋ ಇಲ್ಲವೋ, ಈಗ ಗೊತ್ತಿಲ್ಲ. ಬರುವುದಾದರೆ ನಿಮಗೆ ಹೇಳುತ್ತೇನೆ. ಬರುವುದಿಲ್ಲವಾದರೆ, ಅದನ್ನೂ ನಿಮಗೇ ಹೇಳುತ್ತೇನೆ.

ವಿಜಯಲಕ್ಷ್ಮಿ